ನಿಮಗಿದು ಗೊತ್ತೆ? ಹೊಲದಲ್ಲಿ ಕಲಿತದ್ದಕ್ಕೂ ಅಂಕ!

ರಾಗಿ ಯಾವುದು, ನವಣೆ ಯಾವುದು ಎಂದು ಕಾಳು ನೋಡಿಯೇ ಹೇಳಬಲ್ಲಿರಾ? ಹಾಗಿದ್ದರೆ ಪದವಿ ಸೀಟಿನ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದ್ದೀರಿ.

ಸಹಕಾರನಗರದ ನೆರೆಯಲ್ಲೇ ಇರುವ ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ. ಇಲ್ಲಿನ ಬಿಎಸ್ಸಿ ಕೃಷಿ ಕೋರ್ಸಿಗೆ ಕೃಷಿಕರ ಕೋಟಾದಲ್ಲಿ ಸೇರಲು ಸಿಇಟಿ ಬರೆದರಷ್ಟೇ ಸಾಲದು. 200 ಅಂಕಗಳ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಕಳೆ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಗುರುತು ಹಿಡಿಯಬೇಕು. ಅಪ್ಪನ ಜೊತೆ ಸಾಲು ಹೊಡೆದ, ಅಮ್ಮನ ಜೊತೆ ಕಳೆ ಕಿತ್ತ ಮಕ್ಕಳಿಗೆ ಇದು ಬಾಲ್ಯದಿಂದಲೇ ಬಂದ ಪಾಠ.

ರ‍್ಯಾಂಕ್ ಲೆಕ್ಕ ಇನ್ನೂ ಸೋಜಿಗದ್ದು. ಪಿಯುಸಿಗೆ ಶೇ 25, ಸಿಇಟಿಗೆ ಶೇ 25. ಉಳಿದ ಶೇ 50 ಪೂರ್ತಿ ಈ ಪ್ರಾಯೋಗಿಕ ಪರೀಕ್ಷೆಗೇ! ಟ್ಯೂಷನ್ನಿಗೆ ಹೋಗಲಾಗದ ಹಳ್ಳಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಬಲ ಬೇರೇನಿದೆ? ಮೊದಲು ಸೀಟುಗಳಲ್ಲಿ ಶೇ 40ರಷ್ಟಿದ್ದ ಕೃಷಿಕರ ಕೋಟಾವನ್ನು ಸರ್ಕಾರ ಶೇ 50ಕ್ಕೆ ಏರಿಸಿದೆ. ಪಶುವೈದ್ಯಕೀಯ, ತೋಟಗಾರಿಕೆ, ಅರಣ್ಯ ಪದವಿಗಳಿಗೂ ಕೃಷಿಕರ ಕೋಟಾ ಇದೆ.

ದುಡಿಮೆಯ ಅನುಭವಕ್ಕೆ ಈಗ ದೇಶದ ಮಟ್ಟದಲ್ಲೂ ಬೆಲೆ ಬಂದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಕೆಲಸದ ಅನುಭವವನ್ನೂ ಕ್ರೆಡಿಟ್ ಆಗಿ ಎಣಿಸಲು ಅವಕಾಶವಿದೆ. ಪಾಠ ಹೇಳುವವರಿಗೂ ಅಷ್ಟೆ: ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ತಮ್ಮ ಕ್ಷೇತ್ರದಲ್ಲಿ 15 ವರ್ಷ ದುಡಿದು ಹೆಸರು ಮಾಡಿರಬೇಕು.