ಅಂತರ್ಜಾಲದ ಹರಾಜಿನಲ್ಲಿ ಹಳೆಯ ನಾಣ್ಯಗಳು: ಖೋಟಾ ಮತ್ತು ವಂಚನೆಗಳ ಪರೀಕ್ಷೆ

ನಾಣ್ಯವು ಶಾಸನದಷ್ಟೇ ಪ್ರಮಾಣವಾದ ಆಕರವೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಆದರೆ ಶಾಸನದ ಕಲ್ಲನ್ನು ಯಾರೂ ಅಂಚೆಯ ಮೂಲಕ ತರಿಸಿಕೊಳ್ಳುವುದಿಲ್ಲ; ನಾಣ್ಯವನ್ನಾದರೋ ಹಾಗೆ ತರಿಸಿಕೊಳ್ಳುವ ಪದ್ಧತಿ ಕಳೆದ ಎರಡು ಮೂರು ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಸ್ವಂತ ಆಸಕ್ತಿಗಾಗಿಯೋ ಕಾಲೇಜಿನ ಸಂಗ್ರಹಕ್ಕಾಗಿಯೋ ಅಂತರ್ಜಾಲದ ಹರಾಜುಗಳಲ್ಲಿ ಸವಾಲು ಹಾಕುತ್ತಿರುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಇದರಲ್ಲಿ ಹಣ ಕಳೆದುಕೊಳ್ಳುವ ಅಪಾಯವಿರುವುದು ಎಲ್ಲರಿಗೂ ತಿಳಿದುದೇ. ಅದಕ್ಕಿಂತ ಗುರುತರವಾದ ಅಪಾಯವೊಂದುಂಟು. ಅದನ್ನು ನಮ್ಮ ವಿಭಾಗದಲ್ಲಿಯೇ ನಡೆದ ಒಂದು ಘಟನೆಯಿಂದ ತಿಳಿಸುವುದು ಮೇಲು.

ಕೆಲವು ವರ್ಷಗಳ ಹಿಂದೆ ಸಂಶೋಧನ ವಿದ್ಯಾರ್ಥಿಯೊಬ್ಬರು ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳನ್ನು ಕುರಿತು ಕೆಲಸ ಮಾಡುತ್ತಿದ್ದರು. ಆನೆಯ ಚಿತ್ರವುಳ್ಳ ಈ ನಾಣ್ಯಗಳಲ್ಲಿ ಎರಡು ಪೈಸೆಯದಕ್ಕೆ ಉಸ್ಮಾನಿ ಎಂದು ಹೆಸರು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಶಕವನ್ನು ಬಿಟ್ಟು ಮೌಲೂದಿ ಶಕವನ್ನು ಬಳಕೆಗೆ ತಂದನಷ್ಟೆ. ಆ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹೆಂಡರ್ಸನ್ ಎಂಬ ವಿದ್ವಾಂಸನು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಾಣ್ಯಗಳ ಟಂಕಸಾಲೆಗಳನ್ನೂ ಇಸವಿಗಳನ್ನೂ ಪಟ್ಟಿ ಮಾಡಿದ್ದಾನೆ. ನಮ್ಮ ವಿದ್ಯಾರ್ಥಿಗೆ ಹರಾಜಿನ ಚಿತ್ರವೊಂದರಲ್ಲಿ ಆ ಪಟ್ಟಿಯಲ್ಲಿಲ್ಲದ ಇಸವಿಯ ಉಸ್ಮಾನಿಯೊಂದು ಕಾಣಿಸಿತು. ಆತನ ಉತ್ಸಾಹವನ್ನು ಹೇಳಬೇಕಾದುದಿಲ್ಲ. ನನ್ನ ಒಪ್ಪಿಗೆಯಿಂದಲೇ ವಿಭಾಗದ ಬೋಧನ ಸಂಗ್ರಹಕ್ಕಾಗಿ ಅದನ್ನು ಕೊಂಡದ್ದಾಯಿತು. ಮೂರು ತಿಂಗಳ ಬಳಿಕ ಬೇರೊಬ್ಬ ಮಾರಾಟಗಾರನಲ್ಲಿ ಅದೇ ಇಸವಿಯ ಇನ್ನೊಂದು ನಾಣ್ಯ ಹರಾಜಿಗೆ ಬಂದಿತು. ಒಂದಕ್ಕೆ ಎರಡು ಸಾಕ್ಷಿಗಳಾದುವೆಂದು ಹಿಗ್ಗಿ ಅದನ್ನೂ ಕೊಂಡೆವು. ಅಷ್ಟರಲ್ಲಿ ಪ್ರಬಂಧದ ಅಧ್ಯಾಯವೊಂದು ಇದೇ ಆಧಾರದ ಮೇಲೆ ಸಿದ್ಧವಾಗಿತ್ತು.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಹಿಗ್ಗು ಇಳಿಯಿತು. ಆನೆಯ ಕಿವಿಯ ಹಿಂದೆ ಒಂದು ಸಣ್ಣ ಕಚ್ಚು. ಅದೇ ಕಚ್ಚು ಅದೇ ಸ್ಥಳದಲ್ಲಿ ಎರಡನೆಯದರಲ್ಲಿಯೂ ಇದ್ದಿತು. ಅಂಚಿನ ಸೀಳೂ ಹಾಗೆಯೇ. ಒಂದೇ ಅಚ್ಚಿನಿಂದ ಹೊಡೆದ ನಾಣ್ಯಗಳಲ್ಲಿ ಅಚ್ಚಿನ ದೋಷಗಳು ಸಮಾನವಾಗಿರುತ್ತವೆ. ಆದರೆ ನಾಣ್ಯವು ಕೈಯಿಂದ ಕೈಗೆ ಹೋಗುವಾಗ ಬಿದ್ದ ಏಟೂ ಹೊಡೆಯುವಾಗ ಬಿಲ್ಲೆಯ ಅಂಚು ಸೀಳಿದ ರೀತಿಯೂ ಆಯಾ ನಾಣ್ಯದ ಸ್ವಂತ ಚರಿತ್ರೆ. ಅದು ಎರಡರಲ್ಲಿ ಒಂದೇ ಆಗಿರಬೇಕಾದರೆ ಎರಡೂ ಒಂದೇ ಮೂಲದಿಂದ ಎರಕ ಹೊಯ್ದವುಗಳೆಂದೇ ಅರ್ಥ. ಭೂತಗನ್ನಡಿಯಲ್ಲಿ ನೋಡಲಾಗಿ ಮೇಲ್ಮೈಯಲ್ಲಿ ಎರಕದ ಸಣ್ಣ ಗುಳಿಗಳೂ, ಅಂಚಿನಲ್ಲಿ ಅಚ್ಚುಗಳ ಸಂದಿಯನ್ನು ಅರದಿಂದ ಉಜ್ಜಿದ ಗುರುತೂ ಕಂಡುವು. ಇಸವಿಯ ಒಂದು ಅಂಕಿಯನ್ನು ಮೂಲದ ಮೇಲೆಯೇ ತಿದ್ದಿ ಬಳಿಕ ಎರಕ ತೆಗೆದಿದ್ದರು. ಆ ಅಧ್ಯಾಯವನ್ನು ತೆಗೆದುಹಾಕಬೇಕಾಯಿತು. ಹಣ ಹೋದುದು ಅಷ್ಟು ದೊಡ್ಡ ಮಾತಲ್ಲ. ಪ್ರಬಂಧವು ಹಾಗೆಯೇ ಅಚ್ಚಾಗಿದ್ದರೆ ಇಲ್ಲದ ಇಸವಿಯೊಂದು ಟಿಪ್ಪುವಿನ ಟಂಕಸಾಲೆಯ ಇತಿಹಾಸವನ್ನು ಸೇರಿಕೊಂಡು, ಮುಂದಿನವರು ನಮ್ಮನ್ನೇ ಪ್ರಮಾಣವಾಗಿ ಉದ್ಧರಿಸುತ್ತಿದ್ದರು. ಆ ಹರಾಜುಗಳ ಚಿತ್ರಗಳು ಇಂದಿಗೂ ಎಲ್ಲೋ ಉಳಿದಿರುತ್ತವೆ ಎಂಬುದನ್ನು ನೆನೆದಾಗ ಈಗಲೂ ಮನಸ್ಸಿಗೆ ಸಮಾಧಾನವಿಲ್ಲ.

ಖೋಟಾ ನಾಣ್ಯದ ಕಲೆ ಹೊಸದಲ್ಲ. ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772–1830) ಎಂಬವನು ಪ್ರಾಚೀನ ನಾಣ್ಯಗಳ ಅಚ್ಚುಗಳನ್ನು ತಾನೇ ಕೆತ್ತಿ, ಹೊಡೆದ ನಾಣ್ಯಗಳನ್ನು ಕಬ್ಬಿಣದ ಪುಡಿಯೊಡನೆ ಪೆಟ್ಟಿಗೆಯಲ್ಲಿ ತುಂಬಿ, ಗಾಡಿಗೆ ಕಟ್ಟಿಕೊಂಡು ಸವಾರಿ ಹೋಗುತ್ತಿದ್ದನಂತೆ. ಕುಲುಕಾಟದಲ್ಲಿ ಅವು ಸವೆದು ಹಳೆಯವಾಗಿ ತೋರುತ್ತಿದ್ದುವು. ಆದರೆ ಅಂದಿನ ಕೊಳ್ಳುವವನು ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬಹುದಾಗಿತ್ತು. ಇಂದಿನವನಿಗೆ ದೊರೆಯುವುದು ಚಿತ್ರ ಮಾತ್ರ. ಮಾರುವವನಿಗೆ ವಸ್ತುವಿನ ಗುಣ ತಿಳಿದು ಕೊಳ್ಳುವವನಿಗೆ ತಿಳಿಯದಿದ್ದಲ್ಲಿ, ಒಳ್ಳೆಯ ವಸ್ತುವಿಗೂ ಕೆಟ್ಟದ್ದಕ್ಕೂ ಒಂದೇ ಬೆಲೆ ಬಂದು, ಒಳ್ಳೆಯ ವಸ್ತುವಿನ ಒಡೆಯರು ಕ್ರಮೇಣ ಪೇಟೆಯನ್ನೇ ಬಿಟ್ಟುಹೋಗುವರೆಂದು ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞನು 1970ರಲ್ಲಿ ಹಳೆಯ ಮೋಟಾರು ಕಾರುಗಳನ್ನು ಉದಾಹರಿಸಿ ತೋರಿಸಿದನು. ಕಾರಿನ ಸ್ಥಾನದಲ್ಲಿ ವರಹವನ್ನಿಟ್ಟು ಓದಿದರೂ ಆ ವಾದ ಕೆಡುವುದಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಹರಡಿರುವ ಖೋಟಾ ಯಾವುದೆಂದು ಕೇಳಿದರೆ, ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ 1818 ಎಂಬ ಇಸವಿಯನ್ನೂ ಹೊತ್ತು, ಇನ್ನೊಂದು ಮುಖದಲ್ಲಿ ರಾಮಪಟ್ಟಾಭಿಷೇಕವನ್ನೋ ಹನುಮಂತನನ್ನೋ ಲಕ್ಷ್ಮಿಯನ್ನೋ ತೋರಿಸುವ ಬಿಲ್ಲೆಗಳೆಂದು ಹೇಳಬೇಕು. ಕೆಲವದರ ಮೇಲೆ 1616 ಎಂದಿರುತ್ತದೆ, ಹಲವದರಲ್ಲಿ ‘ಯು.ಕೆ.ಎಲ್. ಒಂದಾಣೆ’ ಎಂಬ ಒಕ್ಕಣೆಯೂ ಉಂಟು. ಇವು ಯಾವ ನಿಜವಾದ ನಾಣ್ಯದ ನಕಲೂ ಅಲ್ಲ. ಅಂಥ ಮೂಲವೇ ಇರಲಿಲ್ಲ. 1616ರಲ್ಲಿ ಕಂಪನಿಗೆ ಸೂರತ್ತಿನಲ್ಲಿ ಕೋಠಿಯಿದ್ದಿತೇ ಹೊರತು ಭಾರತದಲ್ಲಿ ಟಂಕಸಾಲೆಯಿರಲಿಲ್ಲ. ಬೊಂಬಾಯಿಯಲ್ಲಿ ಅದರ ಟಂಕಸಾಲೆ ಕೆಲಸವನ್ನಾರಂಭಿಸಿದುದು 1672ರಲ್ಲಿ. ಇಡೀ ಬ್ರಿಟಿಷ್ ಭಾರತಕ್ಕೆ ಏಕರೂಪದ ನಾಣ್ಯಗಳು ಬಂದುದು 1835ರಲ್ಲಿ. ಆಗ ಹೊರಟ ತಾಮ್ರದ ನಾಣ್ಯಗಳು ಅರ್ಧಾಣೆ, ಕಾಲಾಣೆ, ಆಣೆಯ ಹನ್ನೆರಡನೆಯ ಒಂದು ಭಾಗ, ಇಷ್ಟೇ. ಒಂದಾಣೆಯ ನಾಣ್ಯವನ್ನು ಜನ ಕಂಡುದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ. ಕಂಪನಿಯು ಹಿಂದೂ ದೇವತೆಗಳ ಚಿತ್ರವನ್ನು ಎಂದೂ ಹಾಕಲಿಲ್ಲವೆಂದು ಕೆಲವರು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಅದು ಸರಿಯಲ್ಲ; ಮದರಾಸಿನಲ್ಲಿ ಅದು ಹೊಡೆಯಿಸಿದ ವರಹಗಳ ಮೇಲೆ ವಿಷ್ಣುವಿನ ಮೂರ್ತಿಯಿದೆ. ಆದರೆ ಅವು ಚಿನ್ನದ ಸಣ್ಣ ನಾಣ್ಯಗಳು, ದಕ್ಷಿಣದ ಹಳೆಯ ಸಂಪ್ರದಾಯದ ಮುಂದುವರಿಕೆ. ಈ ದೊಡ್ಡ ಬಿಲ್ಲೆಗಳಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಇವು ಅಕ್ಕಿಯ ಕಾಳನ್ನು ತಮ್ಮೆಡೆಗೆ ಸೆಳೆಯುತ್ತವೆಂದು ನಂಬಿಸಿ ಲಕ್ಷಗಟ್ಟಲೆ ರೂಪಾಯಿ ಕಿತ್ತ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ವಿದ್ಯಾವಂತರೂ ಇದರಲ್ಲಿ ಸಿಕ್ಕಿಬಿದ್ದಿರುವುದು ವಿಷಾದದ ಸಂಗತಿ.

ಇದಕ್ಕಿಂತ ಕಷ್ಟವಾದುದು ನಿಜವಾದ ನಾಣ್ಯವನ್ನೇ ತಿದ್ದಿದ ಖೋಟಾ. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ಬಹಳ ವಿರಳ. 1938ರದು ಸುಲಭವಾಗಿ ಸಿಗುತ್ತದೆ. ಎಂಟನ್ನು ಒಂಬತ್ತು ಮಾಡಿದರೆ ಸಾಕಲ್ಲವೆ? ಇಲ್ಲಿ ತೂಕವೂ ಲೋಹವೂ ಅಂಚಿನ ಗೀರುಗಳೂ ಎಲ್ಲವೂ ಸರಿಯಾಗಿಯೇ ಇರುತ್ತವೆ. ಕೊನೆಯ ಅಂಕಿಯ ಸುತ್ತಲಿನ ಬಯಲು ಉಳಿದ ಭಾಗದಂತೆ ನಯವಾಗಿದೆಯೇ, ಉಳಿಯ ಗುರುತಿದೆಯೇ ಎಂಬುದನ್ನು ಹತ್ತುಪಟ್ಟು ದೊಡ್ಡದಾಗಿಸುವ ಕನ್ನಡಿಯಲ್ಲಿ ನೋಡಬೇಕು. ಅಷ್ಟು ಸ್ಪಷ್ಟವಾದ ಚಿತ್ರವನ್ನು ಕೊಡಲೊಪ್ಪದ ಮಾರಾಟಗಾರನಿಂದ ಈ ನಾಣ್ಯವನ್ನು ಕೊಳ್ಳತಕ್ಕದ್ದಲ್ಲ.

ಬೇರೆ ಲೋಹದಲ್ಲಿ ಮಾಡಿದ ನಕಲುಗಳನ್ನು ಹಿಡಿಯಲು ಆರ್ಕಿಮಿಡೀಸನ ಉಪಾಯವೇ ಇಂದಿಗೂ ಸಾಕು. 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7 ಭಾಗ. (1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು.) ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ತಕ್ಕಡಿ ತೋರುವ ಅಂಕಿಯನ್ನು ಬರೆದುಕೊಂಡು, ನಾಣ್ಯವನ್ನು ತೆಳುವಾದ ದಾರದಿಂದ ತೂಗಹಾಕಿ, ತಳಕ್ಕೂ ಬದಿಗೂ ತಗಲದಂತೆ ನೀರಿನಲ್ಲಿ ಮುಳುಗಿಸಬೇಕು. ಒಳ್ಳೆಯ ರೂಪಾಯಿಯಾದರೆ ಅಂಕಿ ಸುಮಾರು 1.13 ಗ್ರಾಂ ಏರುತ್ತದೆ. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಬಿಲ್ಲೆಯಾದರೆ 1.31 ಗ್ರಾಂ ಏರುವುದು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹತ್ತು ನಿಮಿಷದ ಕೆಲಸ. ನಾಣ್ಯಕ್ಕೆ ಯಾವ ಹಾನಿಯೂ ಇಲ್ಲ. ವಿಜಯನಗರದ ಅರ್ಧವರಹದಂಥ ಸಣ್ಣ ಚಿನ್ನದ ನಾಣ್ಯದಲ್ಲಿ, ಅದು 1.7 ಗ್ರಾಮಿನಷ್ಟು ಮಾತ್ರ ಇರುವುದರಿಂದ, ಇಂಥ ತಕ್ಕಡಿಯ ಅಳತೆ ಅಷ್ಟು ನಿಖರವಾಗಿ ಬರುವುದಿಲ್ಲ. ಅಲ್ಲಿ ಅನುಭವಿಗಳ ಕಣ್ಣನ್ನೇ ನೆಚ್ಚಬೇಕು.

ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆ ಮಾಡಿ ದರ್ಜೆ ಕೊಡುವ ಎನ್.ಜಿ.ಸಿ., ಪಿ.ಸಿ.ಜಿ.ಎಸ್. ಎಂಬ ಅಮೆರಿಕದ ಸಂಸ್ಥೆಗಳಿವೆ. ಈ ಪೆಟ್ಟಿಗೆಗಳನ್ನೂ ನಕಲು ಮಾಡುವವರಿದ್ದಾರೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಅದರೊಡನೆ ಹೋಲಿಸಬೇಕು. ನಿಜವಾದ ಸಂಖ್ಯೆಯನ್ನು ಖೋಟಾ ಪೆಟ್ಟಿಗೆಗೆ ಅಂಟಿಸುವುದೂ ನಡೆಯುತ್ತದೆ.

ಇನ್ನು ವಸ್ತುವನ್ನು ಬಿಟ್ಟು ಹರಾಜಿನ ಕಡೆಗೆ ತಿರುಗೋಣ. 2000ದ ಮೇ ತಿಂಗಳಲ್ಲಿ ‘ಈಬೇ’ ಎಂಬ ಹರಾಜುಕಟ್ಟೆಯಲ್ಲಿ ವರ್ಣಚಿತ್ರವೊಂದು 25 ಸೆಂಟಿನ ಸವಾಲಿನಿಂದ ಆರಂಭವಾಗಿ 135,805 ಡಾಲರಿಗೆ ಏರಿತು. ಮಾರುವವನು ತಾನು ಏನೂ ಅರಿಯದ ಗೃಹಸ್ಥನೆಂದು ನಟಿಸಿ, ಮಗುವಿನ ಆಟದ ಬಂಡಿಯಿಂದ ಚಿತ್ರಕ್ಕೆ ತೂತಾಯಿತೆಂದು ಕಥೆ ಕಟ್ಟಿದ್ದನು. ನಿಜಕ್ಕೂ ಅವನೊಬ್ಬ ವಕೀಲ. ತನ್ನ ವಸ್ತುವಿಗೆ ತಾನೇ ಇನ್ನೊಂದು ಹೆಸರಿನಿಂದ ಸವಾಲು ಹಾಕಿದ್ದನೆಂದು ಗೊತ್ತಾಗಿ ಮಾರಾಟ ರದ್ದಾಯಿತು. ಬಳಿಕ ಮೊಕದ್ದಮೆಯೂ ನಡೆಯಿತು. ಏನೂ ತಿಳಿಯದವನಂತೆ ನಟಿಸುವ ಮಾರಾಟಗಾರನೇ ಹೆಚ್ಚು ಅಪಾಯಕಾರಿ. ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ಬೆಲೆ ಗೊತ್ತಿಲ್ಲ’ ಎಂಬ ಮಾತು ಕೊಳ್ಳುವವನ ದುರಾಸೆಯನ್ನೇ ಅವನ ವಿರುದ್ಧ ತಿರುಗಿಸುತ್ತದೆ.

ಕಳ್ಳ ಸವಾಲಿನ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಕಾಯಿದೆಯ 64ನೆಯ ಪ್ರಕರಣದಂತೆ, ಮಾರುವವನು ತನ್ನ ಸವಾಲಿನ ಹಕ್ಕನ್ನು ಮೊದಲೇ ಪ್ರಕಟಿಸದೆ ತಾನಾಗಲಿ ಇತರರಿಂದಾಗಲಿ ಸವಾಲು ಹಾಕಿಸಿದರೆ, ಕೊಂಡವನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಆದರೆ ತೆರೆಯ ಹಿಂದಿನ ಹೆಸರುಗಳನ್ನು ಸಿದ್ಧಪಡಿಸುವುದು ಸುಲಭವಲ್ಲ. ಆದುದರಿಂದ ಕೊಳ್ಳುವವನು ಹಿಂದಿನ ಹರಾಜುಗಳಲ್ಲಿ ಅಂಥ ನಾಣ್ಯ ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ, ತನ್ನ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಮುಕ್ತಾಯದ ಸಮಯಕ್ಕೆ ಹತ್ತಿರವಾಗಿ ಒಂದೇ ಸಲ ಸವಾಲು ಹಾಕುವುದು ಒಳ್ಳೆಯದು. ಮೊದಲೇ ಹಾಕಿದ ದೊಡ್ಡ ಸವಾಲನ್ನು ಕಳ್ಳ ಸವಾಲುದಾರನು ಮೆಟ್ಟಿಲು ಮೆಟ್ಟಿಲಾಗಿ ಅದರ ತುದಿಯವರೆಗೂ ಏರಿಸಿಬಿಡಬಲ್ಲನು.

ಚಿತ್ರವು ಮಾರುವವನದೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಹಳೆಯ ಹರಾಜಿನ ಪಟ್ಟಿಯಿಂದ ಕದ್ದ ಚಿತ್ರವಾದರೆ ಅಂತರ್ಜಾಲದ ಚಿತ್ರಶೋಧನೆಯಲ್ಲಿ ಸಿಕ್ಕಿಬೀಳುವ ಸಂಭವವುಂಟು. ಅಂದಿನ ತಾರೀಖನ್ನು ಬರೆದ ಚೀಟಿಯನ್ನು ನಾಣ್ಯದ ಪಕ್ಕದಲ್ಲಿಟ್ಟು ಹೊಸ ಚಿತ್ರವನ್ನೂ, ಅಂಚಿನ ಚಿತ್ರವನ್ನೂ, ತೂಕವನ್ನೂ ಕೇಳಬಹುದು. ಹರಾಜುಕಟ್ಟೆಯ ಹೊರಗೆ ನೇರವಾಗಿ ಹಣ ಕಳುಹಿಸಿದರೆ ಬೆಲೆ ಇಳಿಸುವೆನೆಂದರೆ ಅಲ್ಲಿಗೇ ಮಾತನ್ನು ನಿಲ್ಲಿಸಬೇಕು. ವಿವರಣೆಯ ಪುಟದ ಪ್ರತಿಯನ್ನು ಹಣ ಕೊಡುವ ಮೊದಲೇ ಉಳಿಸಿಕೊಂಡು, ಪೊಟ್ಟಣವನ್ನು ತೆರೆಯುವುದನ್ನು ವಿಡಿಯೋ ತೆಗೆದಿಟ್ಟರೆ ಮುಂದೆ ದೂರು ಕೊಡುವಾಗ ಆಧಾರವಾಗುತ್ತದೆ. ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಮಾರುವವರಿಗೂ ಬಲೆಯುಂಟು. ವೈಷ್ಣೋದೇವಿಯ ಚಿತ್ರವುಳ್ಳ ಐದು ರೂಪಾಯಿಯ ನಾಣ್ಯಕ್ಕೆ ಲಕ್ಷಗಳನ್ನು ಕೊಡುವೆವೆಂದು ಹೇಳಿ, ಮೊದಲು ನೋಂದಣಿ ಶುಲ್ಕವನ್ನೂ ತೆರಿಗೆಯನ್ನೂ ವಸೂಲು ಮಾಡುವವರಿದ್ದಾರೆ. ಆ ನಾಣ್ಯ 2012ರಲ್ಲಿ ಚಲಾವಣೆಗೆಂದೇ ಬಂದುದು. ತನ್ನ ಹೆಸರನ್ನು ಬಳಸಿಕೊಂಡು ಇಂಥ ಶುಲ್ಕ ಕೇಳುವವರ ಬಗೆಗೆ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟು, ತಾನು ಇಂಥ ವ್ಯವಹಾರ ನಡೆಸುವುದಿಲ್ಲವೆಂದು ತಿಳಿಸಿತು.

‘ಹೊಲ ಉಳುವಾಗ ಸಿಕ್ಕಿದ ಗಡಿಗೆಯಿಂದ’ ಎಂಬ ವಿವರಣೆ ಕೆಲವು ಹರಾಜುಗಳಲ್ಲಿ ಕಾಣುತ್ತದೆ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯವು 1972ರ ಕಾಯಿದೆಯಂತೆ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿ ವ್ಯಕ್ತಿಗಳು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಹೀಗಿರಲು ಗಡಿಗೆಯ ಕಥೆ ಸುಳ್ಳಾದರೆ ನಾಣ್ಯ ಖೋಟಾ, ನಿಜವಾದರೆ ಮಾರಾಟವೇ ಅಪರಾಧ. ಗಡಿಗೆಯೊಳಗೆ ಯಾವ ನಾಣ್ಯದೊಡನೆ ಯಾವುದಿತ್ತು ಎಂಬ ಬೆಲೆಬಾಳುವ ಮಾಹಿತಿಯಂತೂ ಆಗಲೇ ನಾಶವಾಗಿರುತ್ತದೆ.

ನಮ್ಮ ಎರಡು ಉಸ್ಮಾನಿಗಳನ್ನು ಹಿಂದಿರುಗಿಸಲು ಪ್ರಯತ್ನಿಸಿದೆವು. ಒಬ್ಬನು ಹಣ ಮರಳಿಸಿದನು. ಇನ್ನೊಬ್ಬನ ಖಾತೆಯೇ ಅಷ್ಟರಲ್ಲಿ ಮಾಯವಾಗಿತ್ತು. ಹಣ ಮರಳಿಸಿದವನಿಗೂ ನಾಣ್ಯವನ್ನು ಕಳುಹಿಸಿದರೆ ಅದು ಮತ್ತೊಬ್ಬರ ಕೈಸೇರುವುದೆಂದು ವಾದಿಸಿ, ಹಣದಲ್ಲಿ ಅರ್ಧವನ್ನು ಬಿಟ್ಟುಕೊಟ್ಟು ಅದನ್ನು ನಮ್ಮಲ್ಲಿಯೇ ಇಟ್ಟುಕೊಂಡೆವು. ಈಗ ಎರಡೂ ‘ಎರಕ, ಖೋಟಾ’ ಎಂಬ ಚೀಟಿಯೊಡನೆ ವಿಭಾಗದ ಬೀರುವಿನಲ್ಲಿವೆ. ನಾಣ್ಯಶಾಸ್ತ್ರದ ಮೊದಲ ಪಾಠದ ದಿನ ಚೀಟಿಯನ್ನು ತೆಗೆದು ಅವನ್ನು ಒಂದು ನಿಜವಾದ ಉಸ್ಮಾನಿಯೊಡನೆ ವಿದ್ಯಾರ್ಥಿಗಳ ಮುಂದಿಡುತ್ತೇವೆ.