ವೃಷಣ ಕ್ಯಾನ್ಸರ್: ಗುಣವಾಯ್ತು ಅಂತ ಚೆಕಪ್ ಬಿಡಬೇಡಿ!

ಆಪರೇಷನ್ ಆಯ್ತು, ಕಿಮೊ ಮುಗೀತು, ಉದುರಿದ ಕೂದಲೂ ಮತ್ತೆ ಬಂತು. 'ಈಗ ಆರಾಮಾಗಿದೀನಲ್ಲ, ಇನ್ಯಾಕೆ ಆಸ್ಪತ್ರೆಗೆ ಅಲೀಬೇಕು?' ಅಂತ ಅನ್ನಿಸೋದು ಸಹಜ. ಆದರೆ ವೃಷಣ ಕ್ಯಾನ್ಸರ್‌ನಲ್ಲಿ ಎಡವಟ್ಟಾಗುವುದೇ ಇಲ್ಲಿ.

ವೃಷಣ ಅಂದರೆ ಆಡುಮಾತಿನಲ್ಲಿ ಬೀಜ. ಇದರ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 40 ವರ್ಷದೊಳಗಿನವರಲ್ಲಿ. ಪೂರ್ತಿ ಗುಣವಾಗುವ ಸಾಧ್ಯತೆ ಅತಿ ಹೆಚ್ಚಿರುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಚಿತ್ರಣವೇ ಬದಲಾಯಿತು. ಕ್ರಿಕೆಟಿಗ ಯುವರಾಜ್ ಸಿಂಗ್ ಎದೆಯಲ್ಲಿ ಬೆಳೆದಿದ್ದು ಇದೇ ಜಾತಿಯ ಗೆಡ್ಡೆ. 2012ರಲ್ಲಿ ಕಿಮೊ ಪಡೆದ ಅವರು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತ ತಂಡಕ್ಕೆ ಮರಳಿದರು.

ಕಿಮೊ ವೇಳೆ ಜ್ವರ ಬಂದರೆ

ವಾಂತಿ, ಸುಸ್ತು, ಕೂದಲು ಉದುರುವುದು ಸಾಮಾನ್ಯ, ಇವು ಬಹುತೇಕ ತಾತ್ಕಾಲಿಕ. ಆದರೆ ಜ್ವರವನ್ನು ಹಗುರವಾಗಿ ತಗೋಬಾರದು. ಕಿಮೊ ವೇಳೆ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ಏರುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಮದುವೆ, ಮಕ್ಕಳ ಚಿಂತೆ

ಒಂದು ವೃಷಣ ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ದಾಂಪತ್ಯಕ್ಕೂ, ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಆದರೆ ಕಿಮೊದಿಂದ ವೀರ್ಯಾಣು ಕಡಿಮೆಯಾಗುತ್ತದೆ. ಹಲವರಲ್ಲಿ ಮತ್ತೆ ಸರಿಹೋಗುತ್ತದೆ, ಕೆಲವರಲ್ಲಿ ಇಲ್ಲ. ಹಾಗಾಗಿ ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಶೇಖರಿಸಿಡುವ ಬಗ್ಗೆ ನಾಚಿಕೆಪಡದೆ ಡಾಕ್ಟರನ್ನು ಕೇಳಬೇಕು. ಕಿಮೊ ಮುಗಿದ ಮೇಲೆ ಮಗುವಿಗೆ ಎಷ್ಟು ದಿನ ಕಾಯಬೇಕು ಅನ್ನೋದನ್ನೂ ಅವರೇ ಹೇಳಬೇಕು.

ವರ್ಷಗಳ ನಂತರವೂ ಕಾಡಬಹುದು

ಸಿಸ್‌ಪ್ಲಾಟಿನ್‌ನಿಂದ ಕೆಲವರಿಗೆ ಕೈಕಾಲು ಬೆರಳು ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಸದ್ದು, ಕಿವಿ ಮಂದವಾಗುವುದು, ಕಿಡ್ನಿ ತೊಂದರೆ ಉಳಿದುಕೊಳ್ಳಬಹುದು. ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು. ಈ ಔಷಧ ಪಡೆದವರು ಬೀಡಿ, ಸಿಗರೇಟು ಬಿಡಲೇಬೇಕು. ಮುಂದೆ ಯಾವುದೇ ಆಪರೇಷನ್ ಆದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಮುಂದಿನ ವರ್ಷಗಳಲ್ಲಿ ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುವುದರಿಂದ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುತ್ತಿರಬೇಕು.

ಸದಾ ಸುಸ್ತು, ಬೇಸರ, ಲೈಂಗಿಕ ಆಸಕ್ತಿ ಕುಗ್ಗಿದ್ದರೆ 'ಎಲ್ಲಾ ಮನಸ್ಸಿನ ಭ್ರಮೆ' ಅಂತ ಸುಮ್ಮನಾಗಬಾರದು. ಟೆಸ್ಟೋಸ್ಟಿರಾನ್ ಹಾರ್ಮೋನ್ ಕಡಿಮೆಯಾಗಿರಬಹುದು. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ.

ಎಷ್ಟು ದಿನ ಚೆಕಪ್?

ಈ ಕ್ಯಾನ್ಸರ್ ಮರುಕಳಿಸುವುದಿದ್ದರೆ ಬಹುಪಾಲು ಮೊದಲ 2 ವರ್ಷದಲ್ಲೇ. ಅದಕ್ಕೇ ಆಗ ಕೆಲವು ತಿಂಗಳಿಗೊಮ್ಮೆ ಕರೆಯುತ್ತಾರೆ. ಆಮೇಲೆ ಅಂತರ ಹೆಚ್ಚಿಸುತ್ತಾ ಸಾಮಾನ್ಯವಾಗಿ 5 ವರ್ಷದವರೆಗಾದರೂ ನೋಡುತ್ತಾರೆ. ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸಿಟಿ ಸ್ಕ್ಯಾನ್ ಇರುತ್ತವೆ. ನೋವು, ಗಂಟು ಏನೂ ಇಲ್ಲದಿದ್ದರೂ ರಕ್ತದಲ್ಲಿ ಸುಳಿವು ಮೊದಲೇ ಸಿಗಬಹುದು. ಮರುಕಳಿಸಿದ್ದು ಬೇಗ ಗೊತ್ತಾದರೆ ಆಗಲೂ ಗುಣಪಡಿಸುವ ಅವಕಾಶ ಚೆನ್ನಾಗಿದೆ. ಚೆಕಪ್ ತಪ್ಪಿಸಿದವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಪ್ರತಿ ಸಲ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡಾಸ್ಪತ್ರೆಗೆ ಹೋಗೋದು ಕಷ್ಟ ಅನ್ನುವವರು ಯಾವ ಪರೀಕ್ಷೆ ಜಿಲ್ಲಾ ಕೇಂದ್ರದಲ್ಲೇ ಮಾಡಿಸಬಹುದು ಅಂತ ಡಾಕ್ಟರನ್ನು ಕೇಳಿ. ಡಿಸ್ಚಾರ್ಜ್ ಚೀಟಿ, ಕೊಟ್ಟ ಔಷಧದ ವಿವರ ಒಂದೇ ಫೈಲ್‌ನಲ್ಲಿ ಜೋಪಾನವಾಗಿಡಿ.

ಕಾಯಬೇಡಿ

ಉಳಿದ ವೃಷಣದಲ್ಲಿ ಗಂಟು ಅಥವಾ ಊತ, ಬಿಡದ ಸೊಂಟನೋವು, ಉಸಿರಾಟದ ತೊಂದರೆ, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ ತೋರಿಸಿ. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ಬಳಿಕ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಮನೆಯವರೂ ಅಷ್ಟೇ: 'ಹುಷಾರಾದ್ಯಲ್ಲ' ಅಂತ ಸುಮ್ಮನಾಗದೆ, 'ಮುಂದಿನ ಚೆಕಪ್ ಯಾವಾಗ?' ಅಂತ ಕೇಳುತ್ತಿರಿ.