ಆಸ್ಪತ್ರೆ ತಂತ್ರಾಂಶ: ಆವಿಷ್ಕಾರಕ್ಕೆ ರಕ್ಷಣೆ ಎಷ್ಟು?

ರೋಗಿಗಳ ದಾಖಲೆ, ಪ್ರಯೋಗಾಲಯದ ವರದಿ, ಔಷಧ ಪರೀಕ್ಷೆಗಳ ದತ್ತಾಂಶ ಇವುಗಳನ್ನು ನಿರ್ವಹಿಸುವ ತಂತ್ರಾಂಶಗಳನ್ನು ಸಣ್ಣ ಉದ್ದಿಮೆಗಳೂ ರೂಪಿಸುತ್ತಿವೆ. ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ ಆವಿಷ್ಕಾರವನ್ನು ಪ್ರತಿಸ್ಪರ್ಧಿಯು ಅನುಕರಿಸಿದಲ್ಲಿ ಉದ್ಯಮಿಗೆ ಉಳಿಯುವುದೇನು?

ಕೃತಿಸ್ವಾಮ್ಯವು ಬರೆದ ಪ್ರೋಗ್ರಾಂ ಅನ್ನು ಕಾಯುತ್ತದೆ, ಅದರ ಹಿಂದಿನ ಕಲ್ಪನೆಯನ್ನಲ್ಲ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ವ್ಯವಹಾರ ವಿಧಾನ, ಆಲ್ಗಾರಿದಂ ಹಾಗೂ ಬರಿಯ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ದೊರೆಯದು. ಕಲಂ 3(ಐ) ರೋಗನಿದಾನ ಹಾಗೂ ಚಿಕಿತ್ಸಾ ವಿಧಾನಗಳನ್ನೂ ಹೊರಗಿಟ್ಟಿದೆ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಂಪ್ಯೂಟರ್ ಪ್ರೋಗ್ರಾಂ ಆಧರಿಸಿದ ಎಲ್ಲ ಆವಿಷ್ಕಾರಗಳನ್ನೂ ಕಾಯ್ದೆಯು ನಿಷೇಧಿಸಿಲ್ಲ, ತಾಂತ್ರಿಕ ಪರಿಣಾಮವಿದೆಯೇ ಎಂಬುದನ್ನು ಪರಿಶೀಲಿಸಬೇಕು ಎಂದು ದೆಹಲಿ ಉಚ್ಚ ನ್ಯಾಯಾಲಯವು 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ದಾಖಲೆಗಳನ್ನು ಕೇವಲ ಪಟ್ಟಿಮಾಡುವ ತಂತ್ರಾಂಶಕ್ಕಿಂತ, ದತ್ತಾಂಶ ರವಾನೆಯಲ್ಲಿ ಜಾಲದ ಹೊರೆಯನ್ನು ತಗ್ಗಿಸುವ ವಿಧಾನದ ಅರ್ಜಿಗೆ ಬಲ ಹೆಚ್ಚು.

ಲೆಕ್ಕಪತ್ರದಲ್ಲೂ ಎಚ್ಚರ ಅಗತ್ಯ. ಲೆಕ್ಕಪತ್ರ ಮಾನಕ 26ರನ್ವಯ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ನಿಗದಿತ ಷರತ್ತುಗಳು ಪೂರೈಸಿದಲ್ಲಿ, ಆಸ್ತಿಯೆಂದು ತೋರಿಸಬಹುದು. ಹಂತವಾರು ಲೆಕ್ಕವಿಡದ ಸಂಸ್ಥೆಗೆ ಈ ಅವಕಾಶ ಕೈತಪ್ಪುತ್ತದೆ.

ಪೇಟೆಂಟಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ. ಆವಿಷ್ಕಾರವು ಮೊದಲೇ ಬಹಿರಂಗವಾದರೆ ಅದರ ನವೀನತೆಗೇ ಧಕ್ಕೆ. ಗ್ರಾಹಕರಿಗೆ ಪ್ರಾತ್ಯಕ್ಷಿಕೆ ತೋರಿಸುವ ಮುನ್ನವೇ ಅರ್ಜಿ ಸಲ್ಲಿಸುವುದು ಲೇಸು.